ಊರ ಬಾಗಿಲ ಮುಳ್ಳು

ಘಾಟಿ ಸುಬ್ರಹ್ಮಣ್ಯವು ಬರುವವರನ್ನು ನಂಬಿ ಬದುಕುವ ಊರು. ದೊಡ್ಡಬಳ್ಳಾಪುರ ತಾಲ್ಲೂಕಿನ ಬೆಟ್ಟಗಳ ಮಡಿಲಲ್ಲಿ, ಬೆಂಗಳೂರಿಗೆ ಸುಮಾರು ೬೦ ಕಿಲೋಮೀಟರ್ ದೂರದಲ್ಲಿರುವ ಈ ಕ್ಷೇತ್ರದಲ್ಲಿ ಒಂದೇ ಶಿಲೆಯೊಳಗೆ ಇಬ್ಬರು ದೇವರಿದ್ದಾರೆ. ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯನನ್ನು ಭಕ್ತರು ಎದುರಿಗೇ ಕಾಣುತ್ತಾರೆ. ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹನನ್ನು ಹಿಂಬದಿಯಲ್ಲಿ ನಿಲ್ಲಿಸಿದ ಕನ್ನಡಿಯಲ್ಲಿ ನೋಡಬೇಕು. ಮಕ್ಕಳಿಲ್ಲದವರು, ಮಕ್ಕಳಿದ್ದೂ ನೆಮ್ಮದಿ ಇಲ್ಲದವರು, ಸರ್ಪದೋಷವೆಂದು ಜೋಯಿಸರ ಬಾಯಿಂದ ಕೇಳಿಬಂದವರು ಇಲ್ಲಿ ನಾಗರಕಲ್ಲುಗಳನ್ನು ಪ್ರತಿಷ್ಠೆ ಮಾಡಿಸುತ್ತಾರೆ. ಹಾಗೆ ನಿಂತ ಕಲ್ಲುಗಳು ಸಾವಿರಗಟ್ಟಲೆ. ಒಂದೊಂದು ಕಲ್ಲಿನ ಹಿಂದೆಯೂ ಒಂದೊಂದು ಮನೆಯ ಹಂಬಲ.

ಈ ಹಂಬಲಗಳೇ ಊರಿನವರ ಅನ್ನ. ಹಣ್ಣುಕಾಯಿಯ ಅಂಗಡಿ, ಹೂವಿನ ಬುಟ್ಟಿ, ಚಹದ ಒಲೆ, ಕಡಲೆಪುರಿಯ ರಾಶಿ, ಕಲ್ಲು ಕೆತ್ತುವವರ ಉಳಿ, ಎಲ್ಲವೂ ಬಸ್ಸಿನಿಂದ ಇಳಿಯುವವರ ದಾರಿಯನ್ನೇ ಕಾಯುತ್ತಿರುತ್ತವೆ. ಇಂತಹ ಊರಿಗೆ, ‘ಬರುವವರೇ ಅಪಾಯ’ ಎಂಬ ಮಾತು ಒಂದು ದಿನ ಬಂದು ಮುಟ್ಟಿದರೆ ಏನಾದೀತು? ೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಆದದ್ದು ಅದೇ.

ಗುಡಿಯ ಎದುರು ಹಣ್ಣುಕಾಯಿ ಮಾರುವ ಹೆಂಗಸೊಬ್ಬಳಿದ್ದಳು. ಅರವತ್ತರ ವಯಸ್ಸು, ಗಂಡ ತೀರಿಕೊಂಡು ಹನ್ನೆರಡು ವರ್ಷ. ಎರಡು ಮೈಲಿಯಾಚೆಯ ಹಳ್ಳಿಯಿಂದ ನಸುಕಿನಲ್ಲೇ ನಡೆದು ಬಂದು, ಹಲಗೆಗಳನ್ನು ತೆಗೆದು, ನೀರು ಚಿಮುಕಿಸಿ, ತೆಂಗಿನಕಾಯಿಗಳನ್ನು ಗೋಪುರದಂತೆ ಒಟ್ಟುವುದು ಅವಳ ಇಪ್ಪತ್ತೈದು ವರ್ಷಗಳ ಅಭ್ಯಾಸ. ಅವಳ ಪಕ್ಕದ ಜಾಗ ಹೂವಾಡಗಿತ್ತಿಯದು. ಹಳ್ಳಿಯಲ್ಲಿ ಅವರದು ಎದುರುಬದುರು ಮನೆ. ಒಬ್ಬಳ ಮಗ ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಕೆಲಸಕ್ಕಿದ್ದ. ಮತ್ತೊಬ್ಬಳ ಮಗಳು ದೊಡ್ಡಬಳ್ಳಾಪುರದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಿದ್ದಳು. ಮಕ್ಕಳ ಮಾತು ಮುಗಿದರೆ ಮಂಡಿಯ ಮಾತು, ಮಂಡಿಯ ಮಾತು ಮುಗಿದರೆ ಮಕ್ಕಳ ಮಾತು: ಇದು ಆ ಇಬ್ಬರ ಸ್ನೇಹದ ಪರಿ.

ರೋಗದ ಸುದ್ದಿ ಮೊದಲು ಬಂದಾಗ ಅದು ಕಾಣದೂರಿನ ಕಥೆಯಾಗಿತ್ತು. ಘಾಟಿಯಲ್ಲಿ ಪುಷ್ಯ ಶುದ್ಧ ಷಷ್ಠಿಯ ತೇರು, ಅದರ ಸುತ್ತ ಮುತ್ತಲಿನ ದನಗಳ ಜಾತ್ರೆ ಎಂದು ಜನ ಕಿಕ್ಕಿರಿದಿದ್ದ ಕಾಲದಲ್ಲೇ, ೨೦೧೯ರ ಡಿಸೆಂಬರ್ ೩೧ರಂದು, ಚೀನಾದ ವುಹಾನ್ ನಗರದಲ್ಲಿ ಕಾರಣ ತಿಳಿಯದ ಶ್ವಾಸಕೋಶದ ಬೇನೆ ಕಾಣಿಸಿಕೊಂಡಿದೆಯೆಂಬ ವರ್ತಮಾನ ವಿಶ್ವ ಆರೋಗ್ಯ ಸಂಸ್ಥೆಗೆ ತಲಪಿತ್ತು. ಹೋರಿಗಳ ಹಲ್ಲು ಎಣಿಸಿ ಬೆಲೆ ಕಟ್ಟುತ್ತಿದ್ದ ರೈತರಿಗೆ ಆ ಊರಿನ ಹೆಸರಾದರೂ ಏಕೆ ಬೇಕು? ಫೆಬ್ರವರಿ ಕಳೆಯುವವರೆಗೂ ಅದು ಚಹದಂಗಡಿಯ ವಿನೋದಕ್ಕೆ ಒದಗಿದ ವಸ್ತು, ಅಷ್ಟೆ.

ಆ ಚಹದಂಗಡಿಯ ಬೆಂಚು ಒಂದು ಸಣ್ಣ ಪ್ರಪಂಚವೇ ಸರಿ. ಅಲ್ಲಿ ನಗುವವನೊಬ್ಬನಿದ್ದ: “ಅದೆಲ್ಲ ತಣ್ಣನೆಯ ದೇಶದವರಿಗೆ. ನಮ್ಮ ಬಿಸಿಲಿಗೆ ಬಂದರೆ ಅದೇ ಬೆವೆತು ಸಾಯುತ್ತದೆ.” ಬಲ್ಲವನೊಬ್ಬನಿದ್ದ, ಅವನ ಜ್ಞಾನವೆಲ್ಲ ಅಂಗೈಯ ಮೊಬೈಲಿನಲ್ಲಿ. ಬೆಳಿಗ್ಗೆ ಬೆಳ್ಳುಳ್ಳಿ, ಮಧ್ಯಾಹ್ನ ಅರಿಸಿನ, ಸಂಜೆ ಬಿಸಿನೀರು, ಹೀಗೆ ಹೊತ್ತಿಗೊಂದು ದಿವ್ಯೌಷಧವನ್ನು ಆತ ಸಾರುತ್ತಿದ್ದ. ಕೋಳಿ ತಿಂದರೆ ರೋಗ ಬರುತ್ತದೆಂಬ ವದಂತಿಯನ್ನೂ ಆತನೇ ತಂದದ್ದು. ಆ ವದಂತಿಯಿಂದ ರಾಜ್ಯದ ಕೋಳಿ ಸಾಕಣೆಗಾರರು ಬೆಲೆ ಕುಸಿದು ಕಣ್ಣೀರಿಟ್ಟರು. ಎಲ್ಲಕ್ಕೂ ದೇವರಿದ್ದಾನೆ ಎನ್ನುವವನೊಬ್ಬ. ಯಾರೊಡನೆಯೂ ವಾದಿಸದೆ, ಮನೆಗೆ ಹೋಗುವಾಗ ಎರಡು ಮೂಟೆ ಅಕ್ಕಿಯನ್ನು ಸದ್ದಿಲ್ಲದೆ ಸಾಗಿಸಿದವನೊಬ್ಬ. ನಗುವವನಿಗೂ ಒಳಗೆ ಭಯವಿತ್ತು. ಅಕ್ಕಿ ಕೂಡಿಟ್ಟವನೂ ಮೇಲೆ ನಗುತ್ತಿದ್ದ. ಭಯದ ಮೊದಲ ದಿನಗಳಲ್ಲಿ ಮನುಷ್ಯ ಏನು ಆಡುತ್ತಾನೋ ಅದೇ ಅವನ ಮನಸ್ಸೆಂದು ತಿಳಿಯಲಾಗದು.

ಮಾರ್ಚ್ ಎರಡನೆಯ ವಾರದಲ್ಲಿ ಕಥೆ ಕಾಣದೂರಿನಿಂದ ಕಂಡೂರಿಗೆ ಬಂದಿತು. ಬೆಂಗಳೂರಿನಲ್ಲಿ ಸೋಂಕು ತಗಲಿದವರು ಪತ್ತೆಯಾದರು. ವಿಶ್ವ ಆರೋಗ್ಯ ಸಂಸ್ಥೆ ೧೧ನೆಯ ತಾರೀಖು ಇದನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿತು. ಮರುದಿನ, ಕಲಬುರಗಿಯಲ್ಲಿ ಆ ವಾರ ತೀರಿಕೊಂಡಿದ್ದ ವೃದ್ಧರೊಬ್ಬರ ಸಾವಿಗೆ ಇದೇ ರೋಗ ಕಾರಣವೆಂದು ತಿಳಿದುಬಂದಿತು. ಭಾರತದಲ್ಲಿ ಈ ರೋಗದ ಮೊದಲ ಸಾವು ಅದು. ೧೪ರಿಂದ ರಾಜ್ಯದ ಚಿತ್ರಮಂದಿರಗಳೂ ಮಾಲ್‌ಗಳೂ ಮುಚ್ಚಿದವು, ಮದುವೆ ಸಮಾರಂಭಗಳಿಗೆ ಕಟ್ಟಳೆ ಬಂದಿತು.

ಆದರೆ ಪಟ್ಟಣದವರಿಗೆ ರಜೆ ದೊರೆತರೆ ಕ್ಷೇತ್ರಕ್ಕೆ ಜನ ಕಡಿಮೆಯಾಗುತ್ತಾರೆಯೆ? ಆ ಭಾನುವಾರ ಘಾಟಿಗೆ ಕಾರುಗಳು ಬಂದವು. ಬಂದವರಲ್ಲಿ ಕೆಲವರು ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದರು. ಗುಡಿಯೊಳಗೆ ಹೋಗುವಾಗ, ದೇವರ ಮುಂದೆ ಮುಖ ಮುಚ್ಚುವುದು ಅಪಚಾರವೇನೋ ಎಂದು ಅದನ್ನು ಗದ್ದಕ್ಕಿಳಿಸಿಕೊಂಡರು. ನಾಗಪ್ರತಿಷ್ಠೆಗೆಂದು ಮೂರು ತಿಂಗಳ ಹಿಂದೆಯೇ ದಿನ ಗೊತ್ತು ಮಾಡಿಸಿದ್ದ ದಂಪತಿಗಳು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಬರಲಾರದೆ ಕಾರಿನಲ್ಲೇ ಅರ್ಧ ಗಂಟೆ ಕುಳಿತು, ಕಡೆಗೆ ಇಳಿದರು. ಮಗುವಿಗಾಗಿ ಒಂಬತ್ತು ವರ್ಷ ಕಾದವರಿಗೆ, ಇನ್ನೊಂದು ಮುಹೂರ್ತ ಯಾವಾಗ ಎಂಬ ಪ್ರಶ್ನೆ ರೋಗಕ್ಕಿಂತ ದೊಡ್ಡದಾಗಿ ಕಂಡಿತು. ಅವರನ್ನು ಅವಿವೇಕಿಗಳೆಂದು ಕರೆಯುವುದು ಸುಲಭ. ಅವರ ಸ್ಥಾನದಲ್ಲಿ ನಿಂತು ಕರೆಯುವುದು ಕಷ್ಟ.

ಹಣ್ಣುಕಾಯಿಯವಳು ಅಂದು ಒಂದು ಹೊಸ ಕೆಲಸ ಮಾಡಿದಳು. ತಂಬಿಗೆಯಲ್ಲಿ ಅರಿಸಿನದ ನೀರು ಕಲಸಿಟ್ಟು, ಗಿರಾಕಿಗಳು ಕೊಟ್ಟ ನಾಣ್ಯಗಳನ್ನು ಅದರೊಳಕ್ಕೆ ಹಾಕಿಸಿಕೊಂಡಳು. ನೋಟುಗಳನ್ನು ಏನು ಮಾಡುವುದೆಂದು ತೋಚದೆ ಬಿಸಿಲಿಗೆ ಹರಡಿ ಮೇಲೊಂದು ಕಾಯಿ ಇಟ್ಟಳು. ಹೂವಾಡಗಿತ್ತಿ ನಕ್ಕಳು. “ಲಕ್ಷ್ಮಿಗೆ ಸ್ನಾನ ಮಾಡಿಸುತ್ತೀಯೇನೇ?” “ಮಾಡಿಸದೆ ಏನು? ಅವಳು ಯಾರ್ಯಾರ ಕೈಯಲ್ಲಿ ಬಂದಳೋ!” ಎಂದಳು ಇವಳು. ರೋಗ ಮುಖ್ಯವಾಗಿ ಹರಡುವುದು ನಾಣ್ಯದಿಂದಲ್ಲ, ಉಸಿರಿನಿಂದ ಎಂಬುದು ಸ್ಪಷ್ಟವಾಗಲು ಇನ್ನೂ ತಿಂಗಳುಗಳು ಬೇಕಾಗಿದ್ದವು. ಆ ಹೊತ್ತಿಗೆ ಆಕೆಯ ಬುದ್ಧಿಗೆ ಎಟುಕಿದ್ದನ್ನು ಆಕೆ ಮಾಡಿದಳು. ದೊಡ್ಡ ದೊಡ್ಡ ನಗರಗಳಲ್ಲಿ ವಿದ್ಯಾವಂತರೂ ಆ ದಿನಗಳಲ್ಲಿ ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದರಲ್ಲವೆ?

ಅದೇ ತಿಂಗಳು ಮುಜರಾಯಿ ದೇಗುಲಗಳ ಬಾಗಿಲು ಭಕ್ತರಿಗೆ ಮುಚ್ಚಿತು. ಪೂಜೆ ನಿಲ್ಲಲಿಲ್ಲ, ಅರ್ಚಕರು ಹೋಗಿ ಬಂದು ನಡೆಸುತ್ತಿದ್ದರು. ಕನ್ನಡಿಯಲ್ಲಿ ನರಸಿಂಹನಿದ್ದ, ನೋಡುವವರಿರಲಿಲ್ಲ. ಅಂಗಡಿ ಸಾಲಿನ ಹಲಗೆಗಳು ಒಂದೊಂದಾಗಿ ಇಳಿದವು. ಕಾಯಿಗಳನ್ನು ಇಟ್ಟುಕೊಳ್ಳಬಹುದು, ಬಾಳೆಹಣ್ಣು ಕೊಳೆಯುತ್ತದೆ. ಹೂವಿನ ಪಾಡಂತೂ ಒಂದೇ ದಿನದ್ದು. ಹೂವಾಡಗಿತ್ತಿ ಉಳಿದ ಸೇವಂತಿಗೆಯನ್ನು ತಂದು ನಾಗರಕಲ್ಲುಗಳ ಮೇಲೆ ಎರಚಿ ಮನೆಗೆ ಹೋದಳು. ದುಡ್ಡು ಕೊಟ್ಟು ಕೊಳ್ಳುವವರಿಲ್ಲದ ದಿನ ದೇವರಿಗೆ ಹೂವು ಹೆಚ್ಚಾಗಿ ಸಿಕ್ಕಿತು.

೨೨ನೆಯ ತಾರೀಖು, ಭಾನುವಾರ, ದೇಶಕ್ಕೆ ದೇಶವೇ ‘ಜನತಾ ಕರ್ಫ್ಯೂ’ ಎಂದು ಮನೆಯೊಳಗೆ ಕುಳಿತಿತು. ಸಂಜೆ ಐದಕ್ಕೆ ಹಳ್ಳಿಯಲ್ಲಿಯೂ ತಟ್ಟೆ ಲೋಟಗಳ ಸದ್ದಾಯಿತು. ವೈದ್ಯರಿಗೂ ದಾದಿಯರಿಗೂ ಕೃತಜ್ಞತೆ ಸಲ್ಲಿಸಲೆಂದು ಹೇಳಿದ್ದ ಆ ಸದ್ದನ್ನು, ಮಾರಿಯನ್ನು ಊರಿನಾಚೆ ಅಟ್ಟುವ ಸದ್ದೆಂದು ಮುದುಕರು ತಿಳಿದರು. ಹಳ್ಳಿಗಳಿಗೆ ಹೊಸ ಆಚರಣೆ ಬಂದರೆ ಅದು ಹಳೆಯ ಆಚರಣೆಯ ಬಟ್ಟೆಯನ್ನೇ ತೊಟ್ಟು ಬರುತ್ತದೆ.

ಅಷ್ಟರಲ್ಲಿ ನೆರೆಯ ಗೌರಿಬಿದನೂರಿನಲ್ಲಿ ಸೋಂಕು ಕಂಡಿತೆಂಬ ಸುದ್ದಿ ಬಂದಿತು. ಗೌರಿಬಿದನೂರೆಂದರೆ ಚೀನಾವಲ್ಲ, ಕಲಬುರಗಿಯಲ್ಲ. ಮಾಕಳಿದುರ್ಗದ ನಿಲ್ದಾಣದಲ್ಲಿ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಸಿಗುವ ಊರು. ಹೆಣ್ಣು ಕೊಟ್ಟು ತಂದ ಊರು. ಚಹದಂಗಡಿಯ ನಗೆ ಅಂದೇ ನಿಂತಿತು. ಮರುದಿನ ಬೆಳಿಗ್ಗೆ ಹಳ್ಳಿಯ ತರುಣರು ಸೇರಿ ಕತ್ತಿ ಹಿಡಿದು ಹೊರಟರು. ಜಾಲಿಯ ಕೊಂಬೆಗಳನ್ನು ಕಡಿದು ತಂದು ಊರ ಬಾಗಿಲಿನ ರಸ್ತೆಗೆ ಅಡ್ಡಲಾಗಿ ಒಟ್ಟಿದರು. ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ರಟ್ಟಿನ ಮೇಲೆ ಸುಣ್ಣದಲ್ಲಿ ಬರೆದು ತೂಗುಹಾಕಿದರು. ಆ ವಾರ ಕರ್ನಾಟಕದ ಎಷ್ಟೋ ಹಳ್ಳಿಗಳ ಬಾಯಿಗೆ ಹೀಗೆ ಮುಳ್ಳು ಬಿದ್ದಿತು. ಮುಂದಾಳಾಗಿ ನಿಂತು ಮಾಡಿಸಿದವನು ಹಣ್ಣುಕಾಯಿಯವಳ ಮೈದುನನೇ. ಆಕೆ ಕೊಡಲಿ ತಂದುಕೊಟ್ಟಳು. ಕೆಲಸ ಮಾಡಿದವರಿಗೆ ಮಜ್ಜಿಗೆಯನ್ನೂ ಕೊಟ್ಟಳು.

ಮಧ್ಯಾಹ್ನ ಮುಳ್ಳಿನ ಆಚೆ ಮೊದಲು ಬಂದು ನಿಂತದ್ದು ಹೂವಾಡಗಿತ್ತಿಯ ಮಗಳು. ಕಾರ್ಖಾನೆಗೆ ಬೀಗ ಬಿದ್ದಿತ್ತು. ಹೆಗಲಿಗೊಂದು ಚೀಲ, ಕೈಯಲ್ಲೊಂದು ಕೊಡೆ. “ಒಳಗೆ ಬರುತ್ತೇನೆ, ನನಗೇನೂ ಆಗಿಲ್ಲ” ಎಂದಳು. ಆಗಿಲ್ಲವೆಂದು ಹೇಳುವುದು ಹೇಗೆ? ಮೈಯಲ್ಲಿ ಸೋಂಕಿದ್ದರೂ ಹದಿನಾಲ್ಕು ದಿನಗಳವರೆಗೆ ತೋರದಿರಬಹುದೆಂದು, ತೋರದವರಿಂದಲೂ ಹರಡಬಹುದೆಂದು ದೂರದರ್ಶನದಲ್ಲಿ ಹೇಳಿದ್ದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ತಾಯಿ ಬಾಯಿ ತೆರೆಯುವ ಮೊದಲೇ ಹಣ್ಣುಕಾಯಿಯವಳು ಹೇಳಿಬಿಟ್ಟಳು: “ಒಬ್ಬಳಿಗಾಗಿ ಊರಿಗೆ ಊರೇ ಸಾಯಬೇಕೆ?”

ಆ ಮಾತು ಕೆಟ್ಟ ಮನಸ್ಸಿನಿಂದ ಬಂದುದಲ್ಲ. ಭಯ ಮಾತಾಡಿತು, ಬಾಯಿ ಅವಳದಾಗಿತ್ತು. ಆದರೆ ಆಡಿದ ಮಾತು ಆಡಿದವರದೇ. ಹುಡುಗಿ ಇನ್ನೊಂದು ಗಳಿಗೆ ನಿಂತು, ಬಂದ ದಾರಿಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಬಾಡಿಗೆ ಕೋಣೆಗೆ ನಡೆದುಹೋದಳು. ಹೂವಾಡಗಿತ್ತಿ ಯಾರನ್ನೂ ಬೈಯಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮಗಳ ಕೊಡೆ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಮನೆಯ ಬಾಗಿಲು ಹಾಕಿಕೊಂಡಳು.

೨೪ನೆಯ ತಾರೀಖು ರಾತ್ರಿ ಎಂಟಕ್ಕೆ ಪ್ರಧಾನ ಮಂತ್ರಿಗಳು ಮಾತನಾಡಿದರು. ನಡುರಾತ್ರಿಯಿಂದ ೨೧ ದಿನ ಇಡೀ ದೇಶದ ಸಂಚಾರ ಬಂದ್ ಎಂಬುದು ಅದರ ತಾತ್ಪರ್ಯ. ಮರುದಿನ ಯುಗಾದಿ. ಕತ್ತಲು ಹರಿಯುವ ಮುನ್ನವೇ ಹಣ್ಣುಕಾಯಿಯವಳಿಗೆ ಮಗನ ದೂರವಾಣಿ ಬಂದಿತು. ಕಾರ್ಖಾನೆ ನಿಂತಿದೆ, ಸಂಬಳ ಬರುವುದೋ ಇಲ್ಲವೋ ತಿಳಿಯದು, ಹತ್ತಡಿಯ ಕೋಣೆಯಲ್ಲಿ ಹೆಂಡತಿ ಮಗುವಿನೊಡನೆ ಇಪ್ಪತ್ತೊಂದು ದಿನ ಇರಲಾರೆ, ಹೊರಟಿದ್ದೇನೆ ಎಂದ. “ಬಾ” ಎಂದಳು ತಾಯಿ. ಫೋನು ಕೆಳಗಿಟ್ಟ ಮೇಲೆ ಆಕೆಗೆ ಮುಳ್ಳು ನೆನಪಾಯಿತು.

ಆ ಯುಗಾದಿಯನ್ನು ಆಕೆ ಕಳೆದ ಬಗೆ ಆಕೆಗೆ ಮಾತ್ರ ಗೊತ್ತು. ಮಾವಿನ ತೋರಣ ಕಟ್ಟಿದಳು, ಬೇವು ಬೆಲ್ಲ ಬೆರೆಸಿದಳು, ಒಲೆಯ ಮೇಲೆ ಬೇಳೆ ಇಟ್ಟಳು. ಆದರೆ ಮಗ ಬರುತ್ತಿದ್ದಾನೆಂಬ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇಡವೆನ್ನುವರು, ಹೇಳದಿದ್ದರೆ ಕದ್ದು ತಂದಂತಾಗುವುದು. ಕತ್ತಲಾದ ಮೇಲೆ ಹಿತ್ತಿಲ ಕಡೆಯಿಂದ ಕರೆದುಕೊಂಡುಬಿಟ್ಟರೆ? ಯೋಚನೆ ಬಂದಿತು, ಬಂದು ಕುಳಿತಿತು. ಎದುರು ಮನೆಯ ಬಾಗಿಲು ಹಬ್ಬದ ದಿನವೂ ತೆರೆಯಲಿಲ್ಲ. ಅದನ್ನು ನೋಡಿದಾಗಲೆಲ್ಲ ಬೇಳೆ ಸೀದ ವಾಸನೆ ಬಂದಂತೆ ಆಗುತ್ತಿತ್ತು.

ಮಗ ಹೆಂಡತಿಯನ್ನೂ ನಾಲ್ಕು ವರ್ಷದ ಹೆಣ್ಣು ಮಗುವನ್ನೂ ಕರೆದುಕೊಂಡು ಯಲಹಂಕದವರೆಗೆ ನಡೆದ. ಅಲ್ಲಿಂದ ದೊಡ್ಡಬಳ್ಳಾಪುರದವರೆಗೆ, ತರಕಾರಿ ಇಳಿಸಿ ಖಾಲಿಯಾಗಿ ಹಿಂದಿರುಗುತ್ತಿದ್ದ ಟೆಂಪೊದವನೊಬ್ಬ ಕೂರಿಸಿಕೊಂಡ. ನೇಕಾರರ ಬೀದಿಗಳಲ್ಲಿ ಮಗ್ಗದ ಸದ್ದಿರಲಿಲ್ಲ. ಹಗಲು ರಾತ್ರಿ ಗಡಗಡಿಸುವ ಆ ಊರು ಅಷ್ಟು ಮೌನವಾಗಿದ್ದುದನ್ನು ಆತ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅಲ್ಲಿಂದ ಮತ್ತೆ ನಡಿಗೆ. ಸಂಜೆ ಕವಿಯುವ ಹೊತ್ತಿಗೆ, ಮಗುವನ್ನು ಹೆಗಲ ಮೇಲೆ ಹೊತ್ತು, ಹುಟ್ಟಿದ ಊರಿನ ಮುಳ್ಳಿನ ಮುಂದೆ ಬಂದು ನಿಂತ.

ಹುಡುಗರು ದೀಪ ಹಿಡಿದು ಓಡಿ ಬಂದರು. ಹಿಂದೆಯೇ ಊರೂ ಬಂದಿತು. ಚಿಕ್ಕಪ್ಪ ಅಣ್ಣನ ಮಗನ ಮುಖ ನೋಡಿದ, ಕೈ ಕೊಂಬೆಯ ಕಡೆಗೆ ಹೋಯಿತು, ನಿಂತಿತು. ಮೊನ್ನೆ ತಾನೇ ಮಾಡಿದ ಕಟ್ಟಳೆ! ಜನರ ಹಿಂದಿನಿಂದ ಹೂವಾಡಗಿತ್ತಿಯ ಸ್ವರ ಕೇಳಿಬಂದಿತು. ಜೋರಾಗಿರಲಿಲ್ಲ. “ನನ್ನ ಮಗಳಿಗೊಂದು ಲೆಕ್ಕ, ಇವನಿಗೊಂದು ಲೆಕ್ಕವೇ?”

ಯಾರೂ ಉತ್ತರ ಕೊಡಲಿಲ್ಲ. ಕೊಡಬೇಕಾದವಳು ಒಬ್ಬಳೇ ಆಗಿದ್ದಳು. ಮಗು “ಅಜ್ಜೀ” ಎಂದು ಕೈ ಚಾಚಿತು. ಆಕೆ ಮುಂದೆ ಹೋಗಲಿಲ್ಲ. ಆ ಗಳಿಗೆಯಲ್ಲಿ ಆಕೆಗೆ ನೆನಪಾದದ್ದು ತೀರಿಹೋದ ಅತ್ತೆ ಹೇಳುತ್ತಿದ್ದ ಪ್ಲೇಗಿನ ಕಥೆ.

ಆ ಕಥೆ ಒಂದು ಮನೆಯದಲ್ಲ, ಹಳೆಯ ಮೈಸೂರು ಸೀಮೆಯದೇ. ಮುಂಬಯಿ ಪ್ರಾಂತದಿಂದ ರೈಲು ದಾರಿ ಹಿಡಿದು ಬಂದ ಪ್ಲೇಗು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಅಂದಿನ ಮೊದಲ ದಿನಗಳ ಚಿತ್ರಕ್ಕೂ ಇಂದಿನದಕ್ಕೂ ಹೆಚ್ಚು ಭೇದವಿಲ್ಲ: ಮೊದಲು ನಂಬದಿರುವುದು, ಆಮೇಲೆ ಓಡುವುದು, ಕಾಯಿಲೆಯವರನ್ನು ಅಧಿಕಾರಿಗಳ ಕಣ್ಣಿಗೆ ಬೀಳದಂತೆ ಬಚ್ಚಿಡುವುದು, ಆಸ್ಪತ್ರೆಗಿಂತ ವದಂತಿಯನ್ನು ನಂಬುವುದು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ತಡೆದು ಪರೀಕ್ಷಿಸುವುದು, ಮನೆಗಳನ್ನು ತೆರವು ಮಾಡಿಸಿ ಹೆಂಚು ತೆಗೆಸಿ ಬಿಸಿಲು ಬಿಡಿಸುವುದು, ಇವೆಲ್ಲ ಜನಕ್ಕೆ ರೋಗಕ್ಕಿಂತ ಘೋರವಾಗಿ ಕಂಡವು. ಇಕ್ಕಟ್ಟಾದ ಪೇಟೆಯಿಂದ ಜನ ಬಸವನಗುಡಿ, ಮಲ್ಲೇಶ್ವರದಂತಹ ಹೊಸ ಬಡಾವಣೆಗಳಿಗೆ ಸರಿದು ನೆಲಸಲು ಆ ಪ್ಲೇಗೂ ಒಂದು ಕಾರಣ. ಪ್ಲೇಗಿನಮ್ಮನಿಗೆ ಗುಡಿ ಕಟ್ಟಿ ಕೈ ಮುಗಿದವರೂ ಅದೇ ಜನ. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಬಂದು ಲೆಕ್ಕವಿಲ್ಲದಷ್ಟು ಮಂದಿಯನ್ನು ಕೊಂಡೊಯ್ದಿತು. ೧೯೧೧ಕ್ಕಿಂತ ೧೯೨೧ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ ಇಳಿದಿತ್ತೆಂದರೆ ಆ ಜ್ವರದ ಹೊಡೆತವನ್ನು ಊಹಿಸಬಹುದು. ಪ್ಲೇಗಾದರೋ ಒಮ್ಮೆ ಬಂದು ಹೋಗಲಿಲ್ಲ. ಮುಂದಿನ ಹಲವು ದಶಕಗಳವರೆಗೆ ಮರಳಿ ಮರಳಿ ಬರುತ್ತಲೇ ಇದ್ದಿತು.

ಹಾಗೆ ಮರಳಿ ಬಂದ ಒಂದು ವರ್ಷದ ನೆನಪು ಅತ್ತೆಯದು. ಆಗ ಆಕೆ ಲಂಗ ತೊಡುವ ಹುಡುಗಿ. ಅಟ್ಟದಿಂದ ಇಲಿ ಬಿದ್ದಿತೆಂದರೆ ಸಾಕು, ಊರು ಮನೆಗಳಿಗೆ ಬೀಗ ಹಾಕಿ ಹೊಲಗಳಿಗೆ ಹೊರಡುತ್ತಿತ್ತು. ಸೋಗೆಯ ಗುಡಿಸಲು, ಮೂರು ಕಲ್ಲಿನ ಒಲೆ. ಆ ವರ್ಷ ಬೇರೆ ಊರಿನಿಂದ ಓಡಿಬಂದ ಸಂಸಾರವೊಂದನ್ನು ಹಿರಿಯರು ಹೊಲದ ಕೊನೆಯಲ್ಲಿ ಬೇರೆಯಾಗಿ ಇಳಿಸಿದರಂತೆ. ನಡುವೆ ಒಂದು ಚಪ್ಪಟೆ ಕಲ್ಲು. ಇತ್ತಲಿನವರು ಅದರ ಮೇಲೆ ಮುದ್ದೆ, ಸಾರು, ನೀರಿನ ಕೊಡ ಇಟ್ಟು ಹಿಂದೆ ಸರಿದು ಕೂಗುವುದು. ಅತ್ತಲಿನವರು ಬಂದು ಎತ್ತಿಕೊಳ್ಳುವುದು. “ನಾವು ಅವರನ್ನು ಮುಟ್ಟಲಿಲ್ಲ, ಬಿಡಲೂ ಇಲ್ಲ” ಎಂದು ಅತ್ತೆ ಕಥೆ ಮುಗಿಸುತ್ತಿದ್ದಳು. ಸೊಸೆ ಆ ಮಾತನ್ನು ನೂರು ಸಲ ಕೇಳಿದ್ದಳು. ಬೇಕಾದ ದಿನ, ಮುಳ್ಳು ಕಡಿಯುವ ಬೆಳಿಗ್ಗೆ, ಅದು ನೆನಪಿಗೆ ಬಂದಿರಲಿಲ್ಲ.

“ಮುಳ್ಳು ತೆಗೆಯುವುದು ಬೇಡ” ಎಂದಳು ಆಕೆ ಮೈದುನನಿಗೆ. ಜನ ಬೆರಗಾದರು. “ಬೆಟ್ಟದ ಬುಡದ ಹೊಲದಲ್ಲಿ ಪಂಪಿನ ಮನೆಯಿದೆ. ಸುತ್ತು ದಾರಿಯಲ್ಲಿ ಅಲ್ಲಿಗೆ ಹೋಗಲಿ. ಹದಿನಾಲ್ಕು ದಿನ ಅಲ್ಲೇ ಇರಲಿ. ಅನ್ನ ನಾನು ಒಯ್ದು ಇಟ್ಟು ಬರುತ್ತೇನೆ.” ಆಮೇಲೆ ಹಿಂದಕ್ಕೆ ತಿರುಗಿ, ಹೂವಾಡಗಿತ್ತಿ ನಿಂತಿದ್ದ ಕಡೆಗೆ ನೋಡದೆಯೇ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಮೊನ್ನೆಯೇ ಈ ಮಾತು ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಅದು ನನ್ನ ತಪ್ಪು.”

ಆ ರಾತ್ರಿ ಮೂವರೂ ಪಂಪಿನ ಮನೆಯಲ್ಲಿ ಮಲಗಿದರು. ಹೊಲದ ಬದುವಿನ ಮೇಲೊಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ಆಕೆ ಹೋಳಿಗೆಯ ಡಬ್ಬಿಯನ್ನೂ ಬೇವು ಬೆಲ್ಲದ ಬಟ್ಟಲನ್ನೂ ಇಟ್ಟು, ಇಪ್ಪತ್ತು ಹೆಜ್ಜೆ ಹಿಂದಕ್ಕೆ ಬಂದು ನಿಂತು ಕೂಗಿದಳು. ಮಗು ಓಡಿ ಬಂದು ಕಲ್ಲನ್ನು ದಾಟಲು ಹೊರಟಿತು. ತಾಯಿ ಹಿಡಿದುಕೊಂಡಳು. ಅಜ್ಜಿಯ ಬಳಿಗೆ ಏಕೆ ಹೋಗಬಾರದೆಂದು ಅದು ಅತ್ತುದನ್ನು ಕೇಳಿ ಆಕೆಯೂ ಅತ್ತಳು. ಆದರೆ ನಿಂತಲ್ಲೇ ನಿಂತಿದ್ದಳು. ರೋಗ ಬಂದವರ ಉಸಿರು ದೂರ ಸರಿದಷ್ಟೂ, ಅದರಲ್ಲೂ ತೆರೆದ ಗಾಳಿಯಲ್ಲಿ, ತನ್ನ ಬಲ ಕಳೆದುಕೊಳ್ಳುತ್ತದೆ. ಶಾಸ್ತ್ರಜ್ಞರು ತಿಳಿದ ಈ ಸಂಗತಿಯನ್ನು ಪ್ಲೇಗಿನ ಕಾಲದ ರೈತರು ಬಲ್ಲವರಾಗಿರಲಿಲ್ಲ; ಅವರ ರೋಗ ಹರಡುವ ದಾರಿಯೂ ಬೇರೆಯೇ. ಆದರೂ ಹೊಲದಲ್ಲಿ ಬಯಲ ಗಾಳಿಗೆ ಬದುಕಿ, ಅನ್ನಕ್ಕೆ ಮಾತ್ರ ದಾರಿ ಬಿಡುವ ಅವರ ಕ್ರಮ, ನೂರು ವರ್ಷಗಳ ಮೇಲೆ ಬಂದ ಬೇರೊಂದು ರೋಗಕ್ಕೂ ಸಲ್ಲುವಂತಹುದಾಗಿತ್ತು.

ಮೂರನೆಯ ದಿನ ಮಗುವಿಗೆ ನೆಗಡಿಯಾಯಿತು. ಆ ಸುದ್ದಿ ಊರಿನಲ್ಲಿ ಬೆಂಕಿಯಂತೆ ಹಬ್ಬಿತು. ಪಂಪಿನ ಮನೆಯ ಬಾವಿಯ ನೀರು ಹರಿದು ಬರುವ ಕಾಲುವೆಗೆ ಬಟ್ಟೆ ಒಗೆಯಲು ಹೋಗುವವರು ನಿಂತರು. ಆಕೆಯ ಕೈಯಿಂದ ಹಾಲು ಕೊಳ್ಳುತ್ತಿದ್ದ ಮನೆಗಳು ಬೇರೆ ಕಡೆಗೆ ತಿರುಗಿದವು. ಚಹದಂಗಡಿಯ ಬಲ್ಲವನು ಮೊಬೈಲು ಹಿಡಿದು ಅವಳ ಮನೆಯ ಮುಂದೆಯೇ ದೂರ ಸರಿದು ನಡೆದ. ಆಶಾ ಕಾರ್ಯಕರ್ತೆ ಮಾತ್ರ ಮೂಗಿಗೆ ಬಟ್ಟೆ ಕಟ್ಟಿಕೊಂಡು, ದಿನಕ್ಕೊಂದು ಸಲ ಬಿಸಿಲಲ್ಲಿ ನಡೆದು ಹೋಗಿ, ದೂರದಿಂದಲೇ ಜ್ವರವಿದೆಯೇ ಕೆಮ್ಮಿದೆಯೇ ಎಂದು ವಿಚಾರಿಸಿ ಬರೆದುಕೊಂಡು ಬರುತ್ತಿದ್ದಳು. ಆ ದಿನಗಳಲ್ಲಿ ರಾಜ್ಯದ ಉದ್ದಗಲಕ್ಕೂ ಮನೆಮನೆಯ ಬಾಗಿಲು ತಟ್ಟಿದವರು ಇಂತಹ ಹೆಂಗಸರೇ. ತಟ್ಟೆ ಬಡಿದದ್ದು ಸಾರ್ಥಕವಾಗಬೇಕಾದರೆ ಇಂಥವರ ಸಲುವಾಗಿಯೇ ಆಗಬೇಕು.

ನೆಗಡಿ ನೆಗಡಿಯಾಗಿಯೇ ಹೋಯಿತು. ಹದಿನಾಲ್ಕು ದಿನ ತುಂಬಿದ ಬೆಳಿಗ್ಗೆ ಮಗು ಕಲ್ಲನ್ನು ದಾಟಿ ಬಂದು ಅಜ್ಜಿಯ ಕೊರಳು ತಬ್ಬಿತು. ಊರು ನೋಡಿತು, ಒಪ್ಪಿತು. ಆದರೆ ಆಕೆಗೆ ಅಂದು ಪೂರ್ಣ ಸಂತೋಷವಾಗಲಿಲ್ಲ. ಅಂಗಳದಲ್ಲಿ ಮೊಮ್ಮಗಳು ಆಡುತ್ತಿದ್ದರೆ, ಎದುರು ಮನೆಯ ಜಗುಲಿಯ ಮೇಲೆ ಹೂವಾಡಗಿತ್ತಿ ಖಾಲಿ ಬುಟ್ಟಿಯನ್ನು ಹಗ್ಗದಿಂದ ಬಿಗಿಯುತ್ತ ಕುಳಿತಿದ್ದಳು. ಆ ಹುಡುಗಿ ದೊಡ್ಡಬಳ್ಳಾಪುರದ ಕೋಣೆಯಲ್ಲಿ ಒಬ್ಬಳೇ ಇದ್ದಳು. ಕರೆಯೋಣವೆಂದರೆ ಬಸ್ಸಿಲ್ಲ; ರಸ್ತೆಯಲ್ಲಿ ಪೊಲೀಸರ ತಡೆ. ಎರಡು ದಿನಗಳ ಹಿಂದು ಮುಂದಿನಲ್ಲಿ ಒಬ್ಬರ ಮಗ ಒಳಗಾದ, ಒಬ್ಬರ ಮಗಳು ಹೊರಗಾದಳು. ತಪ್ಪನ್ನು ಒಪ್ಪಿಕೊಂಡ ಮಾತ್ರಕ್ಕೆ ತಪ್ಪಿನ ಫಲ ಹಿಂದಿರುಗದು.

ಆಕೆ ಮಾಡಬಹುದಾದದ್ದನ್ನು ಮಾಡಿದಳು. ಸಹಕಾರ ಸಂಘದ ಹಾಲಿನ ವಾಹನ ಆ ದಿನಗಳಲ್ಲಿಯೂ ದಿನವೂ ಓಡಾಡುತ್ತಿತ್ತು. ಅದರ ಚಾಲಕನ ಕೈಯಲ್ಲಿ ವಾರಕ್ಕೊಮ್ಮೆ ರಾಗಿಹಿಟ್ಟು, ಹುರುಳಿ, ಒಂದು ಸೀಸೆ ಉಪ್ಪಿನಕಾಯಿ ಕಳುಹಿಸಿದಳು. ಹೂವಾಡಗಿತ್ತಿಗೆ ಹೇಳಲಿಲ್ಲ. ಮಗಳು ತಾಯಿಗೆ ಫೋನಿನಲ್ಲಿ ಹೇಳಿರಬೇಕು. ಏಕೆಂದರೆ ಮೂರನೆಯ ವಾರ ಹೂವಾಡಗಿತ್ತಿ ತಾನೇ ಬಂದು, ಒಂದು ಪೊಟ್ಟಣವನ್ನು ಜಗುಲಿಯ ಮೇಲಿಟ್ಟು, “ಇದನ್ನೂ ಅದರ ಜೊತೆಗೆ ಹಾಕು” ಎಂದು ಹೇಳಿ ಹೋದಳು. ಅಷ್ಟು ದಿನಗಳಲ್ಲಿ ಅವರ ನಡುವೆ ಆದ ಮೊದಲ ಸಂಭಾಷಣೆ ಅಷ್ಟೆ.

ಮೇ ತಿಂಗಳ ಆರಂಭದಲ್ಲಿ ನಿರ್ಬಂಧ ಸಡಿಲವಾಗಿ, ಸಿಕ್ಕಿಬಿದ್ದವರು ಊರು ಸೇರಲು ದಾರಿಯಾಯಿತು. ಹುಡುಗಿ ಬಂದಳು, ಅದೇ ಚೀಲ, ಅದೇ ಕೊಡೆ. ಮುಳ್ಳಿನ ಬಳಿ ನಿಂತಳು. ಈ ಸಲ ಯಾರೂ ಏನೂ ಹೇಳಬೇಕಾಗಲಿಲ್ಲ. ಸುತ್ತು ದಾರಿಯಲ್ಲಿ ಪಂಪಿನ ಮನೆಯ ಕಡೆಗೆ ತಾನಾಗಿಯೇ ನಡೆದಳು. ಹದಿನಾಲ್ಕು ದಿನವೂ ಚಪ್ಪಟೆ ಕಲ್ಲಿನ ಮೇಲೆ ಎರಡು ಮನೆಯ ಊಟ ಬರುತ್ತಿತ್ತು. ರಾತ್ರಿ ಒಬ್ಬಳೇ ಹೆದರಬಾರದೆಂದು ಇಬ್ಬರು ಹೆಂಗಸರೂ ಕಲ್ಲಿನ ಇತ್ತ ಕಡೆ ಗೋಣಿತಾಟು ಹಾಸಿ ಮಲಗುತ್ತಿದ್ದರು. ಮಂಡಿಯ ಮಾತಿಗೆ ಆಗ ವಿಷಯವಿರಲಿಲ್ಲ. ಆದ್ದರಿಂದ ಮಕ್ಕಳ ಮಾತನ್ನೇ ಆಡಿದರು.

ಗುಡಿಯ ಬಾಗಿಲು ಭಕ್ತರಿಗೆ ತೆರೆದದ್ದು ಜೂನ್ ೮ರಂದು. ನೆಲದ ಮೇಲೆ ಸುಣ್ಣದ ವೃತ್ತಗಳು, ಬಾಗಿಲಲ್ಲಿ ಕೈ ತೊಳೆಯುವ ದ್ರಾವಣ, ಹಣೆಗೆ ಹಿಡಿದು ತಾಪ ನೋಡುವ ಯಂತ್ರ. ರೋಗ ಮುಗಿದಿರಲಿಲ್ಲ. ಘೋರವಾದ ಅಲೆ ಮರುವರ್ಷದ ಬೇಸಗೆಯಲ್ಲಿ ಬರಲಿತ್ತು. ಆಗ ಆ ಹಳ್ಳಿಯೂ ಕೆಲವರನ್ನು ಕಳೆದುಕೊಂಡಿತು. ಚಹದಂಗಡಿಯ ನಗುವವನು ಅವರಲ್ಲೊಬ್ಬ. ಆದರೆ ಆಗ ಯಾರೂ ಮುಳ್ಳು ಕಡಿಯಲು ಹೊರಡಲಿಲ್ಲ. ಪಂಪಿನ ಮನೆಗೆ ಸುಣ್ಣ ಬಳಿದು, ಎರಡು ಮಂಚ ಹಾಕಿ, ಕೊಡ ತುಂಬಿಸಿ ಇಟ್ಟಿದ್ದರು.

ಹಣ್ಣುಕಾಯಿಯವಳು ಮೊದಲ ದಿನ ಹಲಗೆ ತೆಗೆದು ಅಂಗಡಿ ಒರಸುವಾಗ, ಮಾರ್ಚಿನಲ್ಲಿ ಅರಿಸಿನದ ನೀರಿಗೆ ಹಾಕಿದ್ದ ನಾಣ್ಯಗಳು ತಂಬಿಗೆಯ ತಳದಲ್ಲಿ ಹಾಗೆಯೇ ಇದ್ದವು. ನೀರು ಬತ್ತಿ, ಹಳದಿ ಕರೆ ಕಟ್ಟಿದ್ದವು. ಹೂವಾಡಗಿತ್ತಿ ಇಣುಕಿ ನೋಡಿ, “ಲಕ್ಷ್ಮಿಯ ಸ್ನಾನ ಮುಗಿಯಿತೋ?” ಎಂದಳು. ಊರ ಬಾಗಿಲ ಮುಳ್ಳು ಅಷ್ಟರಲ್ಲಿ ಒಣಗಿ ಹಗುರವಾಗಿತ್ತು. ಆ ಸಂಜೆ ಇಬ್ಬರೂ ಮನೆಗೆ ಹೋಗುವಾಗ ಒಂದೊಂದು ಹೊರೆ ಎತ್ತಿಕೊಂಡು ಹೋದರು, ಸ್ನಾನದ ಒಲೆಗೆ.